ನಿಂತಲ್ಲಿ ನಿಲ್ಲಲಾರದ ಜಟ್ಟಪ್ಪ

ನನ್ನ ಅಕ್ಷರ ದುಂಡಗಿಲ್ಲ. ಎಷ್ಟು ನಿಧಾನವಾಗಿ ಬರೆದರೂ ಸಾಲು ಬಲಕ್ಕೆ ಹೋಗುತ್ತಾ ಮೇಲಕ್ಕೆ ಏರಿಬಿಡುತ್ತದೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು, ದೊಡ್ಡ ಮಾತುಗಳು ನನಗೆ ಬರುವುದಿಲ್ಲ. ಓದುವವರು ದಯವಿಟ್ಟು ಮನ್ನಿಸಬೇಕು. ಬರೆಯುತ್ತಿರುವುದು ನಮ್ಮ ಅಕ್ಕ ಜಯಶೀಲಾಳಿಗೆ ಗೊತ್ತುಮಾಡಿದ ವರ ಜಟ್ಟಪ್ಪನವರ ವಿಷಯ. ಇದರಲ್ಲಿ ಬರುವ ಶಿವಶಂಕರಪ್ಪ ಎಂದರೆ ನಮ್ಮಪ್ಪ. ಸಾಲಿಗೊಂದು ಸಲ 'ನಮ್ಮಪ್ಪ' ಎಂದು ಬರೆಯಲು ಸಂಕೋಚ, ಆದ್ದರಿಂದ ಹೆಸರಿನಿಂದಲೇ ಬರೆಯುತ್ತೇನೆ. ಜಟ್ಟಪ್ಪನವರನ್ನು ಕಥೆಯಲ್ಲಿ 'ಅವನು' ಎಂದು ಬರೆಯಬಹುದೇ ಎಂದು ಅಕ್ಕನ ಕೈಲಿ ಕೇಳಿಸಿದೆ. "ಬರೀಲಿ ಬಿಡು, ಬಿದ್ದಿದ್ದು ನಾನೇ ತಾನೇ" ಅಂದರಂತೆ.

ಶಿವಮೊಗ್ಗದ ಸವಳಂಗ ರಸ್ತೆಯ ಕಲ್ಲಮ್ಮನ ಮಗ ಜಟ್ಟಪ್ಪನನ್ನು ಕಂಡವರು ಮೊದಲು ನೋಡುತ್ತಿದ್ದುದು ಅವನ ಹೆಗಲನ್ನು. ಅವನು ಬಾಗಿಲಿಗೆ ಅಡ್ಡ ಬಂದರೆ ಒಳಗೆ ಅಕ್ಕಿ ಆರಿಸುತ್ತಿದ್ದವರು "ಬೆಳಕು ಬಿಡೋ ಮಾರಾಯ" ಎನ್ನುತ್ತಿದ್ದರು. ಬೆಲ್ಲದ ಮೂಟೆಯನ್ನು ಮಗುವಿನಂತೆ ಎತ್ತಿಕೊಂಡು ಅಟ್ಟ ಹತ್ತುತ್ತಿದ್ದ. ಒಮ್ಮೆ ನೆಂಟರ ಜೊತೆ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿದ್ದಾಗ ಅಲ್ಲಿಯ ಮಾವುತನೊಬ್ಬ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇವರನ್ನ ಇಲ್ಲೇ ಬಿಟ್ಟು ಹೋಗಿ, ದಿಮ್ಮಿ ಎಳೆಸೋಕೆ ಒಂದು ಆನೆ ಕಡಿಮೆ ಇದೆ" ಎಂದು ನಗಿಸಿದ್ದನಂತೆ.

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಅವನಿಗೆ ಗೇಟು ಕಾಯುವ ಕೆಲಸ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದ. ಇಷ್ಟೆಲ್ಲ ಇದ್ದ ಜಟ್ಟಪ್ಪನಿಗೆ ಒಂದೇ ಒಂದು ಕುಂದು. ನಡೆ ಎಂದರೆ ಹೊತ್ತು ಮುಳುಗುವ ತನಕ ನಡೆದಾನು, ಹೊರು ಎಂದರೆ ಹೊತ್ತಾನು. ಸುಮ್ಮನೆ ನಿಲ್ಲು ಎಂದರೆ ಮಾತ್ರ ಅವನಿಂದ ಆಗುತ್ತಿರಲಿಲ್ಲ. ಅಲುಗದೆ ನಿಂತರೆ ಸ್ವಲ್ಪ ಹೊತ್ತಿಗೆ ಆಕಳಿಕೆ ಬರುತ್ತಿತ್ತು, ಮೇಲ್ದುಟಿ ಬೆವರುತ್ತಿತ್ತು, ಕಿವಿ ಮುಚ್ಚಿದಂತಾಗುತ್ತಿತ್ತು, ಆಮೇಲೆ ನೆಲ. ಚಿಕ್ಕವನಾಗಿದ್ದಾಗ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಬಿದ್ದು, ಮಗ್ಗಿ ಒಪ್ಪಿಸಲಾರದೆ ನಾಟಕ ಮಾಡುತ್ತಾನೆಂದು ಮೇಷ್ಟರಿಂದ ಬೈಸಿಕೊಂಡಿದ್ದ. ಕಾರ್ಖಾನೆಯ ಗೇಟಿನಲ್ಲಿ ಈ ಕುಂದು ಯಾರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಅಲ್ಲಿ ಅವನು ನಿಲ್ಲುತ್ತಲೇ ಇರಲಿಲ್ಲ. ಅತ್ತಿಂದಿತ್ತ, ಇತ್ತಿಂದತ್ತ ನಡೆಯುತ್ತಿದ್ದ. ಅವನ ಮೇಲಿನ ಜಮಾದಾರ ಸಿದ್ದಯ್ಯ, "ಗೂಟಕ್ಕೆ ಕಟ್ಟಿದ ಕರು ಸುತ್ತಿದ ಹಂಗೆ ಸುತ್ತುತೀಯಲ್ಲೋ, ನೋಡಿ ನೋಡಿ ನನಗೇ ತಲೆ ತಿರುಗ್ತದೆ" ಎನ್ನುತ್ತಿದ್ದ. ಆದರೆ ಆಗಸ್ಟ್ ಹದಿನೈದರ ಬಾವುಟದ ದಿನ ಎಲ್ಲರೂ ಅಟೆನ್ಷನ್ನಿನಲ್ಲಿ ನಿಂತಾಗ ಜಟ್ಟಪ್ಪ ಬುಡ ಕಡಿದ ಮರದಂತೆ ಉರುಳಿದ. "ಭಾಷಣ ಅಷ್ಟು ಜೋರಾಗಿ ಹೊಡೀತೇನೋ?" ಎಂದು ಸಿದ್ದಯ್ಯ ವಾರವೆಲ್ಲ ರೇಗಿಸಿದ.

ಮನೆಯಲ್ಲಿ ಕಲ್ಲಮ್ಮ ನಗಲಿಲ್ಲ. ಅವಳ ಪ್ರಕಾರ ಇದು ನಿಶ್ಶಕ್ತಿ. ನಿಶ್ಶಕ್ತಿಗೆ ಮದ್ದು ಊಟ. ಅಂದಿನಿಂದ ಮಗನ ರೊಟ್ಟಿಯ ಮೇಲೆ ಬೆಣ್ಣೆ ಮುದ್ದೆಯಾಗಿ ಕುಳಿತಿತು. ಅನ್ನದ ಮೇಲೆ ತುಪ್ಪ, ತುಪ್ಪದ ಮೇಲೆ ಮತ್ತೆ ಅನ್ನ. ನಿಂತು ಮಾಡಬೇಕಾದ ಕೆಲಸ ಏನಾದರೂ ಇದೆ ಎಂದು ತಿಳಿದರೆ ಅವತ್ತು ಇನ್ನೊಂದು ಸೌಟು ಜಾಸ್ತಿ. "ಹೊಟ್ಟೆ ತುಂಬಿದೋನು ಬೀಳಲ್ಲ ಕಣೋ" ಎನ್ನುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಭದ್ರಾವತಿಯ ಹಳೇನಗರದಲ್ಲಿ, ಬಟ್ಟೆ ಅಂಗಡಿಯ ಶಿವಶಂಕರಪ್ಪನವರ ಮನೆಯಲ್ಲಿ ವೀಳ್ಯಶಾಸ್ತ್ರ ನಡೆಯಿತು. ಅವರ ಹಿರಿಯ ಮಗಳು ಜಯಶೀಲಾಳನ್ನು ಜಟ್ಟಪ್ಪನಿಗೆ ಕೊಡುವುದೆಂದು ಎಲೆ ಅಡಿಕೆ ಬದಲಾದವು. ಬೀಗರ ಊಟವೆಂದ ಮೇಲೆ ಕೇಳಬೇಕೆ? ಹೋಳಿಗೆ ಬಡಿಸಿದವರು ಒಬ್ಬರು, ತುಪ್ಪ ಬಡಿಸಿದವರು ಇನ್ನೊಬ್ಬರು, "ನಾಚ್ಕೋಬೇಡಪ್ಪ" ಎಂದವರು ಎಲ್ಲರೂ. ಪಕ್ಕದಲ್ಲೇ ಕೂತ ಕಲ್ಲಮ್ಮ ಕಣ್ಣಿನಲ್ಲೇ ಮಗನಿಗೆ "ತಿನ್ನು" ಎಂದಳು. ಜಟ್ಟಪ್ಪ ಎಲೆ ಬಿಟ್ಟು ಎದ್ದಾಗ ಅವನ ಅಂಗಿಯ ಗುಂಡಿಗಳು ಬಿಗಿಯಾಗಿದ್ದವು.

ಆಮೇಲೆ ಫೋಟೋ. ಸ್ಟುಡಿಯೋದ ಪುಟ್ಟಣ್ಣ ಮೂರು ಕಾಲಿನ ಕ್ಯಾಮೆರಾವನ್ನು ಅಂಗಳದ ಬಿಸಿಲಿಗೆ ತಂದು ನಿಲ್ಲಿಸಿ, ಕರೀ ಬಟ್ಟೆಯೊಳಗೆ ತಲೆ ತೂರಿಸಿದ.

"ಗಂಡು ಎಡಕ್ಕೆ ಬರ್ಲಿ. ಇನ್ನೂ ಸ್ವಲ್ಪ. ಅಷ್ಟು ಬೇಡ ಸ್ವಾಮಿ, ಹೆಣ್ಣೇ ಮುಚ್ಚಿಹೋದ್ಲು! ಹಾಂ. ಈಗ ಯಾರೂ ಅಲ್ಲಾಡ್ಬೇಡಿ."

ಯಾರೂ ಅಲ್ಲಾಡಲಿಲ್ಲ. ಪುಟ್ಟಣ್ಣ ಮಾತ್ರ ಬಟ್ಟೆಯೊಳಗೆ ಬಹಳ ಹೊತ್ತು ಅಲ್ಲಾಡಿದ. ಜಟ್ಟಪ್ಪನಿಗೆ ಆಕಳಿಕೆ ಬಂತು, ನುಂಗಿಕೊಂಡ. ಪಕ್ಕದಲ್ಲಿ ಜಯಶೀಲಾ ತುಟಿ ಅಲುಗಿಸದೆ, "ಬೆವರ್ತಾ ಇದೀರಿ" ಎಂದಳು. ಅವಳು ಅವನ ಜೊತೆ ಆಡಿದ ಮೊದಲ ಮಾತು ಅದು. ಏನಾದರೂ ಚೆಂದದ ಉತ್ತರ ಕೊಡಬೇಕೆಂದು ಅವನು ಯೋಚಿಸುತ್ತಿರುವಾಗಲೇ ಕಿವಿ ಮುಚ್ಚಿತು, ಮುಂದಿದ್ದ ಕ್ಯಾಮೆರಾದ ಮೇಲೇ ವಾಲಿದ. ಕ್ಯಾಮೆರಾ, ಪುಟ್ಟಣ್ಣ, ಜಟ್ಟಪ್ಪ ಮೂವರೂ ಒಟ್ಟಿಗೆ ನೆಲಕ್ಕೆ ಬಂದರು.

ಬಿದ್ದವನನ್ನು ಬಿದ್ದಲ್ಲೇ ಬಿಟ್ಟಿದ್ದರೆ ಅವನು ತಾನೇ ಎದ್ದು ಕೂರುತ್ತಿದ್ದ. ಆದರೆ ಬೀಗರ ಮನೆಯಲ್ಲಿ ವರನನ್ನು ಅಂಗಳದಲ್ಲಿ ಮಲಗಿಸುವುದುಂಟೆ? ನಾಲ್ಕಾರು ಜನ ಸೇರಿ ಎತ್ತಿ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದರು. ಅವನು ಕಣ್ಣು ತೆರೆದು ಮತ್ತೆ ಮುಚ್ಚಿದ. ಮತ್ತೆ ಎತ್ತಿ ಕೂರಿಸಿದರು, ಮತ್ತೆ ಮುಚ್ಚಿದ. ಆಗ ಶಿವಶಂಕರಪ್ಪನವರ ಸೋದರತ್ತೆ ಜಗದಾಂಬಾ ಸೊಂಟದಿಂದ ಕೀಲಿಕೈ ಗೊಂಚಲು ಬಿಚ್ಚಿ, "ಕಬ್ಬಿಣ ಹಿಡಿಸ್ರೋ, ಕಬ್ಬಿಣ!" ಎಂದು ಅವನ ಮುಷ್ಟಿಗೆ ತುರುಕಿದಳು. ಅಷ್ಟೇ ಸಾಕಾಯಿತು. ಕೈಗೆ ಕಬ್ಬಿಣ ಕೊಡುವುದು ಯಾವ ರೋಗಕ್ಕೆಂದು ಎಲ್ಲರಿಗೂ ಗೊತ್ತು. ಅಂಗಳದಲ್ಲಿ ಒಬ್ಬರಿಂದೊಬ್ಬರಿಗೆ ಪಿಸುಮಾತು ಹರಿಯಿತು: ಹುಡುಗನಿಗೆ ಮೂರ್ಛೆರೋಗ.

ಮರುವಾರ ಶಿವಶಂಕರಪ್ಪನವರು ಸವಳಂಗ ರಸ್ತೆಯ ಮನೆಗೆ ಬಂದರು. ಕಲ್ಲಮ್ಮ ಕೊಟ್ಟ ಕಾಫಿ ಕುಡಿದರು. ಒಳ್ಳೆಯ ಮನುಷ್ಯರು, ಮಾತನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ರುಮಾಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ತಪ್ಪು ತಿಳೀಬೇಡಿ ಕಲ್ಲಮ್ಮ. ಹೆಣ್ಣು ಕೊಡೋ ವಿಷಯ. ರೋಗ ಇದ್ರೆ ಇದೆ ಅನ್ನಿ. ಇಲ್ಲಿಗೇ ಬಿಡೋಣ. ಯಾರಿಗೂ ಬೇಜಾರು ಬೇಡ."

ಕಲ್ಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಾಗಿಲಲ್ಲಿದ್ದ ಜಟ್ಟಪ್ಪ ಮುಂದೆ ಬಂದ.

"ಡಾಕ್ಟ್ರಿಗೆ ತೋರಿಸ್ತೀನಿ ಮಾವ. ರೋಗ ಅಂದ್ರೆ ನಾನೇ ಬಂದು ಹೇಳಿ ಹೋಗ್ತೀನಿ. ಅಲ್ಲೀವರೆಗೂ ಎಲೆ ಅಡಿಕೆ ವಾಪಸ್ ಮಾಡ್ಬೇಡಿ."

ಅವನಿಗೆ ಆ ಹುಡುಗಿ ಬೇಕಾಗಿತ್ತು. ಅಷ್ಟು ಜನರ ನಡುವೆ ಅವನ ಬೆವರನ್ನು ಕಂಡವಳು ಅವಳೊಬ್ಬಳೇ.

ಡಾಕ್ಟರ್ ಹೊನ್ನಯ್ಯನವರು ಹಳ್ಳಿಯ ಕಡೆಯಿಂದ ಬಂದು ಶಿವಮೊಗ್ಗದಲ್ಲಿ ನೆಲೆಸಿದವರು. ತಾಯಿ ಮಗ ಹೇಳಿದ್ದನ್ನೆಲ್ಲ ಕೇಳಿ, ಬಿದ್ದಾಗ ಕೈಕಾಲು ಸೆಟೆದುಕೊಂಡವೇ, ನಾಲಿಗೆ ಕಚ್ಚಿಕೊಂಡನೇ, ಎದ್ದಮೇಲೆ ಜನರ ಗುರುತು ಸಿಗಲಿಲ್ಲವೇ ಎಂದು ವಿಚಾರಿಸಿದರು. ಒಂದೂ ಇರಲಿಲ್ಲ. ಆಮೇಲೆ ಜಟ್ಟಪ್ಪನನ್ನು ಗೋಡೆಗೆ ಒರಗಿಸಿ, ತೋಳಿಗೆ ರಕ್ತದ ಒತ್ತಡ ನೋಡುವ ಪಟ್ಟಿ ಕಟ್ಟಿ, ಅಲ್ಲಾಡಬೇಡ ಎಂದರು. ಅವನು ಊಟ ಮಾಡಿಯೇ ಬಂದಿದ್ದ. ಆಕಳಿಸಿದ. ಬೆವರಿದ. "ಬಂತು, ಬಂತು" ಎಂದು ಡಾಕ್ಟರು ನೆಂಟರು ಬಂದಷ್ಟು ಸಂತೋಷದಿಂದ ನಾಡಿ ಹಿಡಿದುಕೊಂಡರು. ಅವನು ಬೀಳುವ ಮೊದಲೇ ಮಂಚಕ್ಕೆ ಮಲಗಿಸಿ ಎರಡು ಕಾಲನ್ನೂ ಮೇಲೆತ್ತಿ ಹಿಡಿದರು. ಜಟ್ಟಪ್ಪನ ಮುಖಕ್ಕೆ ಬಣ್ಣ ಬಂತು.

"ಇದು ಮೂರ್ಛೆರೋಗ ಅಲ್ಲ ಕಣಮ್ಮ. ರೋಗಾನೇ ಅಲ್ಲ."

"ಮತ್ತೆ ಏನು ಡಾಕ್ಟ್ರೇ? ಗಾಳಿಯಾ?"

"ಗಾಳೀನೂ ಅಲ್ಲ, ದೆವ್ವಾನೂ ಅಲ್ಲ. ನಿಮ್ಮ ತವರೂರಲ್ಲಿ ಕೆರೆಗೆ ನೀರುಗಂಟಿ ಇದ್ನಾ?"

"ಇದ್ದ. ಯಾರ ಗದ್ದೆಗೆ ಯಾವಾಗ ನೀರು ಬಿಡ್ಬೇಕು ಅಂತ ತೂಬು ನೋಡ್ಕೊಳ್ಳೋನು."

"ಹಂಗೇನೇ ಹೃದಯದ ಗೋಡೆಯಲ್ಲೂ ನೀರುಗಂಟಿಗಳು ಇದಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ನರದ ತುದಿಗಳು. ಹೃದಯಕ್ಕೆ ಎಷ್ಟು ರಕ್ತ ಬಂತು, ಗೋಡೆ ಎಷ್ಟು ಹಿಗ್ಗಿತು ಅಂತ ನೋಡ್ತಾ ಕೂತಿರ್ತಾರೆ. ಈ ಹೊಟ್ಟೆ ಇದೆಯಲ್ಲ," ಡಾಕ್ಟರು ಜಟ್ಟಪ್ಪನ ಹೊಟ್ಟೆಯ ಮೇಲೆ ತಟ್ಟಿದರು, "ಇದರೊಳಗೆ ಕರುಳಿನ ಸುತ್ತ ರಕ್ತನಾಳಗಳ ದೊಡ್ಡ ಬಲೆ. ತಗ್ಗಿನ ಗದ್ದೆ ಅನ್ನಿ. ತೂಬು ತೆರೆದ್ರೆ ಬೇಕಾದಷ್ಟು ರಕ್ತ ಇಲ್ಲೇ ನಿಂತುಬಿಡ್ತದೆ. ಮನುಷ್ಯ ಎದ್ದು ನಿಂತಾಗ ರಕ್ತ ಕೆಳಗಿಳೀತದೆ, ಹೃದಯಕ್ಕೆ ಕಡಿಮೆ ಆಗ್ತದೆ. ನೀರುಗಂಟಿಗಳು ತಕ್ಷಣ ಮಿದುಳಿಗೆ ಸುದ್ದಿ ಕಳಿಸ್ತಾರೆ. ಮಿದುಳು ಹೊಟ್ಟೆಯ ನಾಳಗಳಿಗೆ ಬಿಗೀರಿ ಅಂತದೆ. ಅವು ಬಿಗೀತವೆ, ರಕ್ತ ಮೇಲಕ್ಕೆ ಬರ್ತದೆ. ಇದೆಲ್ಲ ನಮ್ಮನ್ನ ಕೇಳಿ ನಡೆಯೋದಲ್ಲ. ಈಗ ನೀವು ಕೂತು ಎದ್ರಲ್ಲ, ಅಷ್ಟರಲ್ಲೇ ನಿಮ್ಮ ಒಳಗೂ ಆಗಿಹೋಯ್ತು."

ಕಲ್ಲಮ್ಮ ತನ್ನ ಎದೆಯನ್ನೊಮ್ಮೆ ಗೌರವದಿಂದ ಮುಟ್ಟಿ ನೋಡಿಕೊಂಡಳು. "ಹಂಗಾದ್ರೆ ಇವನ ನೀರುಗಂಟಿ ಮಲಗಿಬಿಟ್ಟಿದ್ದಾನಾ?"

"ಮಲಗಿಲ್ಲ. ಗಾಬರಿಬಿದ್ದ. ಬಹಳ ಹೊತ್ತು ನಿಂತ್ರೆ ಹೃದಯ ಅರ್ಧ ಖಾಲಿ ಆಗಿ, ಇರೋ ರಕ್ತಾನೇ ಜೋರಾಗಿ ಹಿಂಡ್ತದೆ. ಗೋಡೆ ಹಿಂಡಿದ್ದನ್ನ ಇವನ ನೀರುಗಂಟಿ, ಕೆರೆ ತುಂಬಿ ಕೋಡಿ ಬಿತ್ತು ಅಂತ ತಿಳ್ಕೊಂಡು, ತೂಬು ತೆರೀರಿ ಅಂತ ಕೂಗ್ತಾನೆ. ಬಿಗಿಯಬೇಕಾದ ನಾಳ ಸಡಿಲ ಆಗ್ತವೆ. ನಾಡಿ ನಿಧಾನ ಆಗ್ತದೆ. ತಲೆಗೆ ರಕ್ತ ಇಲ್ಲ, ಬಿದ್ದ. ಬಿದ್ದಮೇಲೆ ತಲೆ, ಎದೆ, ಹೊಟ್ಟೆ ಎಲ್ಲ ಒಂದೇ ಮಟ್ಟ. ರಕ್ತ ತಾನೇ ವಾಪಸ್. ವಿದ್ವಾಂಸರು ಹಿಂಗೆ ಹೇಳ್ತಾರೆ, ಇನ್ನೂ ಹುಡುಕ್ತಾ ಇದಾರೆ, ಪೂರ್ತಿ ಗೊತ್ತಾಗಿಲ್ಲ."

"ನೀರುಗಂಟಿಗೆ ಏನಾದ್ರೂ ಪೂಜೆ ಮಾಡಿಸ್ಬೇಕಾ?"

"ಪೂಜೆ ಬೇಡ, ಹೋಳಿಗೆ ನಿಲ್ಲಿಸಿ. ಉಂಡಾಗ ಆ ತಗ್ಗಿನ ಗದ್ದೆಗೆ ತೂಬು ಪೂರ್ತಿ ತೆರೀತದೆ ತಾಯೀ. ಬೀಳೋ ಮಗನಿಗೆ ನೀವೇ ಹೊಟ್ಟೆ ತುಂಬಿಸಿ ನಿಲ್ಲಿಸ್ತಾ ಇದೀರಿ!"

ಕಲ್ಲಮ್ಮ ಮಗನ ಮುಖ ನೋಡಿದಳು. ಇಷ್ಟು ತಿಂಗಳು ಕಾಸಿದ ತುಪ್ಪವೆಲ್ಲ ಅವಳ ಕಣ್ಣ ಮುಂದೆ ಹರಿದುಹೋಯಿತು. "ಅಯ್ಯೋ ಶಿವನೇ" ಎಂದು ಹಣೆ ಬಡಿದುಕೊಂಡು, ಆಮೇಲೆ ಅವಳಿಗೇ ತಡೆಯಲಾರದೆ ನಗು ಬಂತು.

ಡಾಕ್ಟರು ಉಪಾಯಗಳನ್ನು ಹೇಳಿದರು. ನಿಲ್ಲುವ ದಿನ ಊಟ ಹಗುರವಾಗಿರಬೇಕು. ಉಪ್ಪು ಹಾಕಿದ ಮಜ್ಜಿಗೆ ಚೆನ್ನಾಗಿ ಕುಡಿಯಬೇಕು. ನಿಂತಲ್ಲೇ ಬೂಟಿನೊಳಗೆ ಕಾಲ್ಬೆರಳು ಮಡಿಸಿ ಬಿಡಿಸಿ, ಮೀನಖಂಡ ಬಿಗಿಹಿಡಿದು ಬಿಡಬೇಕು. ಹೊಟ್ಟೆಗೆ ಬಿಗಿಯಾಗಿ ಏನಾದರೂ ಸುತ್ತಿದರೆ ಒಳಗಿನ ನಾಳಗಳಿಗೆ ಹಿಗ್ಗಲು ಜಾಗವಿರುವುದಿಲ್ಲ.

"ಅದಕ್ಕೆ ಅಂತ್ಲೇ ಬೆಲ್ಟ್ ಬರ್ತದೆ. ಈ ಊರಲ್ಲಿ ಸಿಗಲ್ಲ."

"ಬೆಲ್ಟ್ ಯಾಕೆ ಡಾಕ್ಟ್ರೇ?" ಎಂದಳು ಕಲ್ಲಮ್ಮ. "ಮನೇಲಿ ಬಾಣಂತಿ ಇದಾಳೆ. ದಿನಾ ಬೆಳಿಗ್ಗೆ ಹೊಟ್ಟೆ ಕಟ್ಟೋಳು ನಾನೇ. ಒಂದು ಹೊಟ್ಟೆ ಜೊತೆ ಇನ್ನೊಂದು."

ಡಾಕ್ಟರು ಜಟ್ಟಪ್ಪನ ಮುಖ ನೋಡಿ, ನಗದೆ ಇರಲು ಬಹಳ ಕಷ್ಟಪಟ್ಟರಂತೆ.

ಶಿವಶಂಕರಪ್ಪನವರಿಗೆ ಹೋಗಿ ಎಲ್ಲ ಹೇಳಿದ್ದಾಯಿತು. ಅವರು ನೀರುಗಂಟಿಯ ಕಥೆಯನ್ನು ತಾಳ್ಮೆಯಿಂದ ಕೇಳಿ ತಲೆಯಾಡಿಸಿದರು. "ಡಾಕ್ಟ್ರು ಸುಳ್ಳು ಹೇಳ್ತಾರೆ ಅನ್ನಲ್ಲ. ಆದ್ರೆ ನಮ್ಮ ಅಂಗಳದಲ್ಲಿ ಕಂಡೋರ ಬಾಯಿಗೆ ನೀರುಗಂಟೀನ ಕೂರಿಸೋಕೆ ಆಗ್ತದಾ? ಜನವರಿ ಇಪ್ಪತ್ತಾರಕ್ಕೆ ನಿಮ್ಮ ಕಾರ್ಖಾನೆ ಮೈದಾನದಲ್ಲಿ ಪೆರೇಡು ಇದೆಯಲ್ಲ, ಊರೆಲ್ಲ ಬರ್ತದೆ. ನಾನೂ ಬರ್ತೀನಿ. ಕೊನೇ ತನಕ ನಿಂತ್ಕೋ. ಮದುವೆ ದಿನ ಗೊತ್ತು ಮಾಡೋಣ."

ಪೆರೇಡಿನ ಬೆಳಿಗ್ಗೆ ಕಲ್ಲಮ್ಮನ ಮನೆಯಲ್ಲಿ ಇಬ್ಬರಿಗೆ ಹೊಟ್ಟೆ ಕಟ್ಟಿದ್ದಾಯಿತು. ಮೊದಲು ಹೆರಿಗೆಗೆ ಬಂದಿದ್ದ ಮಗಳು ಸಣ್ಣಮ್ಮನಿಗೆ. ಆಮೇಲೆ ಜಟ್ಟಪ್ಪನಿಗೆ. ಹಳೆಯ ಇಳಕಲ್ ಸೀರೆಯನ್ನು ಉದ್ದಕ್ಕೆ ಮಡಿಸಿ, ಒಂದು ತುದಿಯನ್ನು ಸಣ್ಣಮ್ಮ ಹಿಡಿದುಕೊಂಡಳು. ಜಟ್ಟಪ್ಪ ಬುಗುರಿಯಂತೆ ತಿರುಗುತ್ತಾ ತಿರುಗುತ್ತಾ ಸುತ್ತಿಸಿಕೊಂಡ. ಕಲ್ಲಮ್ಮ ಮೊಣಕಾಲನ್ನು ಅವನ ಬೆನ್ನಿಗೆ ಕೊಟ್ಟು ಎಳೆದು ಗಂಟು ಹಾಕಿದಳು.

"ಅವ್ವ, ಉಸಿರು!"

"ಸುಮ್ನಿರೋ. ಹೆತ್ತೋಳೇ ತಡ್ಕೊಂಡಿದಾಳೆ, ನಿಂದೇನು ರಗಳೆ."

"ಅಣ್ಣಯ್ಯ, ಒಂದು ತಿಂಗಳು ತಂಗಳು ಮುಟ್ಬೇಡ, ತಲೆಗೆ ಬಟ್ಟೆ ಕಟ್ಕೋ" ಎಂದು ಸಣ್ಣಮ್ಮ ಹಾಸಿಗೆಯಲ್ಲಿ ಬಿದ್ದು ಬಿದ್ದು ನಕ್ಕಳು. ಮೇಲೆ ಖಾಕಿ ಅಂಗಿ ಹಾಕಿಕೊಂಡು, ಒಂದು ಚೊಂಬು ಮಜ್ಜಿಗೆ ಕುಡಿದು, ಜಟ್ಟಪ್ಪ ರೈಲು ಹತ್ತಿದ.

ಮೈದಾನ ತುಂಬಿತ್ತು. ಸಿದ್ದಯ್ಯ ಅಟೆನ್ಷನ್ ಕೂಗಿದ. ಬಾವುಟ ಏರಿತು, ಹಾಡು ಮುಗಿಯಿತು, ಭಾಷಣ ಶುರುವಾಯಿತು. ಬಿಸಿಲು ಏರಿತು. ಜಟ್ಟಪ್ಪ ಬೂಟಿನೊಳಗೆ ಬೆರಳು ಮಡಿಸಿದ, ಬಿಡಿಸಿದ. ಕಾಲು ಬಿಗಿದ, ಸಡಿಲಿಸಿದ. ಆಕಳಿಕೆ ಬರಲಿಲ್ಲ. ಸೀರೆ ಹೊಟ್ಟೆಯನ್ನು ಅವುಚಿ ಹಿಡಿದಿತ್ತು. ಕಿವಿಯಲ್ಲಿ ಭಾಷಣ ಸ್ಪಷ್ಟವಾಗಿ ಕೇಳುತ್ತಿತ್ತು. ಇಂಥ ಭಾಷಣವೊಂದನ್ನು ಅವನು ಪೂರ್ತಿ ಕೇಳುತ್ತಿದ್ದದ್ದು ಅದೇ ಮೊದಲು.

ಎದುರಿಗೆ ಜನರ ಮುಂದಿನ ಸಾಲಿನಲ್ಲಿ ಕರೀ ಕೋಟು, ರುಮಾಲು ಹಾಕಿದ್ದ ಶಿವಶಂಕರಪ್ಪನವರಿದ್ದರು. ಪಕ್ಕದಲ್ಲಿ ಜಯಶೀಲಾ. ಶಿವಶಂಕರಪ್ಪನವರು ಜಟ್ಟಪ್ಪನ ಮೇಲಿಟ್ಟ ಕಣ್ಣನ್ನು ತೆಗೆದಿರಲಿಲ್ಲ. ಅವನು ಹೇಗೆ ನಿಂತಿದ್ದನೋ ಹಾಗೇ ಅವರೂ ಸೆಟೆದು ನಿಂತಿದ್ದರು. ಕುರ್ಚಿ ತಂದುಕೊಟ್ಟವರನ್ನು ಕೈಯಾಡಿಸಿ ಕಳಿಸಿದ್ದರು.

ಭಾಷಣ ಕಾರ್ಖಾನೆಯನ್ನು ಬಿಟ್ಟು ದೇಶಕ್ಕೆ ಬಂದಾಗ ಶಿವಶಂಕರಪ್ಪನವರು ಆಕಳಿಸಿದರು.

ಜಟ್ಟಪ್ಪ ನೋಡಿದ. ಇನ್ನೊಂದು ಸಲ ಆಕಳಿಸಿದರು. ಮೇಲ್ದುಟಿ ಹೊಳೆಯಿತು. ಮುಖ ಸುಣ್ಣದ ಹಾಗಾಯಿತು. ಯಾರೋ ಕರೆದಂತೆ ತಲೆ ವಾಲಿತು, ಕಿವಿಗೆ ಬೆರಳು ಹೋಯಿತು. ಆ ದಾರಿಯ ಒಂದೊಂದು ಹೆಜ್ಜೆಯನ್ನೂ ಜಟ್ಟಪ್ಪ ಬಲ್ಲ. ಆದರೆ ಅವನು ಕದಲುವಂತಿಲ್ಲ. ಕೊನೇ ತನಕ ನಿಂತ್ಕೋ ಎಂದು ಹೇಳಿದವರೇ ಅವರು. ಕಣ್ಣಲ್ಲಿ ಜಯಶೀಲಾಳನ್ನು ಎಚ್ಚರಿಸಲು ನೋಡಿದ. ಅವಳು ನಾಚಿ ಮುಖ ತಗ್ಗಿಸಿದಳು.

ಜಟ್ಟಪ್ಪ ಸಾಲು ಬಿಟ್ಟು ಓಡಿದ.

"ಏಯ್! ಎಲ್ಲಿಗೋ!" ಸಿದ್ದಯ್ಯ ಕೂಗುವಷ್ಟರಲ್ಲಿ ಅವನು ಮೈದಾನ ದಾಟಿ, ಕುಸಿಯುತ್ತಿದ್ದ ಶಿವಶಂಕರಪ್ಪನವರನ್ನು ಬೆಲ್ಲದ ಮೂಟೆಯಂತೆ ತಬ್ಬಿ ಹಿಡಿದಿದ್ದ. ಜನ ಮುಗಿಬಿದ್ದು, "ಎತ್ತಿ, ಕುರ್ಚೀಲಿ ಕೂರಿಸಿ" ಎಂದರು. "ಕೂರಿಸ್ಬೇಡಿ, ಮಲಗಿಸಿ!" ಎಂದು ಅವನು ಅವರನ್ನು ಹುಲ್ಲಿನ ಮೇಲೆ ಅಂಗಾತ ಮಲಗಿಸಿ, ಎರಡು ಪಾದಗಳನ್ನೂ ತನ್ನ ಹೆಗಲ ಮೇಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತ. ಕೂತ ರಭಸಕ್ಕೆ ಬೆನ್ನಿನ ಗಂಟು ಬಿಚ್ಚಿತು. ಖಾಕಿ ಅಂಗಿಯ ಕೆಳಗಿಂದ ಇಳಕಲ್ ಸೆರಗು ಇಣುಕಿತು, ಆಮೇಲೆ ಅಂಚು, ಆಮೇಲೆ ಒಡಲು.

ಹಿಂದೆಯೇ ಓಡಿಬಂದ ಸಿದ್ದಯ್ಯ ಬಾಯಿ ತೆರೆದು ನಿಂತ. "ಇದೇನೋ ಮಾರಾಯ, ನಿನ್ನ ಹೊಟ್ಟೆಯೊಳಗೆ ಹೆಂಗಸು ಇದಾಳಾ?"

ಜಯಶೀಲಾ ಹೊರಬರುತ್ತಿದ್ದ ಸೀರೆಯನ್ನು ಎಳೆದು ಎಳೆದು ದಪ್ಪಗೆ ಮಡಿಸಿ, ಅಪ್ಪನ ಹಿಮ್ಮಡಿಯ ಕೆಳಗೆ ಒಟ್ಟಿದಳು. ಜಟ್ಟಪ್ಪನ ಹೆಗಲಿಗೆ ಬಿಡುವಾಯಿತು.

ಗುಂಪಿನಲ್ಲಿ ಯಾರೋ, "ಪಾಪ, ಮೂರ್ಛೆರೋಗ ಇರ್ಬೇಕು" ಎಂದರು.

ಶಿವಶಂಕರಪ್ಪನವರ ಕಣ್ಣು ಫಕ್ಕನೆ ತೆರೆಯಿತು. "ಯಾವನೋ ಅವನು? ಯಾರಿಗೋ ಮೂರ್ಛೆರೋಗ? ನಮ್ಮ ವಂಶದಲ್ಲೇ ಇಲ್ಲ!"

"ಏಳ್ಬೇಡಿ ಮಾವ. ಹಿಂಗೇ ಇರಿ. ಬೆಳಿಗ್ಗೆ ಏನು ತಿಂದ್ರಿ?"

"ಕಡುಬು."

"ಎಷ್ಟು?"

ಅವರು ಮಗಳ ಕಡೆ ನೋಡಿದರು. "ಹೇಳಿ ಅಪ್ಪ" ಎಂದಳು ಜಯಶೀಲಾ.

"ಹಬ್ಬದ ಹಂಗೇ ತಿಂದೆ ಕಣಪ್ಪ. ಬೆಣ್ಣೇನೂ ಇತ್ತು. ಬಿಸಿಲಲ್ಲಿ ಬಹಳ ಹೊತ್ತು ನಿಲ್ಬೇಕಲ್ಲ, ಶಕ್ತಿ ಇರ್ಲಿ ಅಂತ." ಇಷ್ಟು ಹೇಳಿ ಅವರು ಆಕಾಶ ನೋಡಿದರು. ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಲ್ಲಪ್ಪಾ, ಹಂಗಾದ್ರೆ ನನ್ನೊಳಗೂ ಆ ನೀರುಗಂಟಿ ಇದಾನಾ?"

"ಎಲ್ಲರೊಳಗೂ ಇದಾನೆ ಮಾವ. ನನ್ನೋನು ಸ್ವಲ್ಪ ಬೇಗ ಗಾಬರಿ ಬೀಳ್ತಾನೆ, ಅಷ್ಟೇ."

ಸಿದ್ದಯ್ಯನಿಗೆ ಈಗ ತನ್ನ ಕೆಲಸದ ನೆನಪಾಯಿತು. "ಅಲ್ಲೋ, ಭಾಷಣದ ಮಧ್ಯೆ ಲೈನ್ ಬಿಟ್ಟು ಓಡಿದೆಯಲ್ಲ, ಮೇಲಿನೋರು ಕೇಳಿದ್ರೆ ನಾನೇನು ಹೇಳ್ಲಿ?"

"ಮಾವ ಬಿದ್ರು, ಅಳಿಯ ಹಿಡ್ಕೊಂಡ ಅಂತ ಹೇಳ್ರೀ" ಎಂದರು ಶಿವಶಂಕರಪ್ಪನವರು ಮಲಗಿದಲ್ಲಿಂದಲೇ, ಸುತ್ತ ನಿಂತವರಿಗೆಲ್ಲ ಕೇಳುವಂತೆ.

ಮದುವೆಗೆ ಫಾಲ್ಗುಣದಲ್ಲಿ ದಿನ ಗೊತ್ತಾಗಿದೆ. ಫೋಟೋ ತೆಗೆಯುವಾಗ ವರನನ್ನು ಕುರ್ಚಿಯಲ್ಲಿ ಕೂರಿಸಿಯೇ ತೆಗೆಯಬೇಕೆಂದು ಪುಟ್ಟಣ್ಣ ಈಗಲೇ ಹೇಳಿ ಹೋಗಿದ್ದಾನೆ. ಆದರೆ ಶಿವಶಂಕರಪ್ಪನವರು, ಎಂದರೆ ನಮ್ಮಪ್ಪ, ಮೊನ್ನೆ ಅಂಗಡಿಯಲ್ಲಿ ಊಟವಾದ ಮೇಲೆ ಗಿರಾಕಿಗೆ ಸೀರೆ ತೋರಿಸುತ್ತಾ ನಿಂತಿದ್ದವರು ಮತ್ತೆ ತಲೆ ಸುತ್ತಿ ಕೂತುಬಿಟ್ಟರು. ಮದುವೆಯ ದಿನ ಬಂದವರಿಗೆಲ್ಲ ಕೈ ಮುಗಿಯುತ್ತಾ ಬಾಗಿಲಲ್ಲಿ ನಿಲ್ಲಬೇಕಾದವರು ಅವರೇ. ಡಾಕ್ಟರಿಗೆ ತೋರಿಸಿ ಎಂದರೆ "ಮದುವೆ ಆಗಲಿ" ಎನ್ನುತ್ತಾರೆ. ಮದುವೆ ಗೊತ್ತಾದ ಹುಡುಗಿ, ಅಕ್ಕನನ್ನು ಈಗ ಹೊರಗೆ ಕಳಿಸುವಂತಿಲ್ಲ. ನಾಳೆ ಬೆಳಗಿನ ರೈಲಿಗೆ ನಾನೇ ಅಪ್ಪನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಡಾಕ್ಟರ್ ಹೊನ್ನಯ್ಯನವರಿಗೆ ತೋರಿಸುತ್ತೇನೆ.